ಜಲಜನಕ ಉತ್ಪಾದನೆಗೆ ಅಧಿಕ ತಾಪದ ಅಣುಸ್ಥಾವರಗಳು

ಜಲಜನಕವನ್ನು ಭವಿಷ್ಯದ ಇಂಧನವೆಂದು ಪರಿಗಣಿಸಲಾಗುತ್ತಿದ್ದರೂ, ರಸಗೊಬ್ಬರ ಕಾರ್ಖಾನೆಗಳಿಗೂ ತೈಲ ಶುದ್ಧೀಕರಣಾಗಾರಗಳಿಗೂ ಅದು ಇಂದಿನ ಅಗತ್ಯವೇ ಆಗಿದೆ. ಇದರ ಬಹುಪಾಲನ್ನು ನೈಸರ್ಗಿಕ ಅನಿಲ ಹಾಗೂ ಕಲ್ಲಿದ್ದಲಿನಿಂದ ಪಡೆಯಲಾಗುತ್ತಿದೆ. ನೈಸರ್ಗಿಕ ಅನಿಲದಿಂದ ಒಂದು ಟನ್ ಜಲಜನಕ ತಯಾರಿಸುವಾಗ ಸುಮಾರು 9 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಅಣುವಿದ್ಯುತ್ತಿನಿಂದಲೇ ನೀರನ್ನು ವಿಭಜಿಸಬಾರದೇಕೆ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ಅದು ಸಾಧ್ಯವಿದೆ, ಆದರೆ ಲೆಕ್ಕ ಅಷ್ಟು ಲಾಭದಾಯಕವಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿರುವಂತಹ ಭಾರಜಲ ಸ್ಥಾವರಗಳಲ್ಲಿ ಶೀತಕವು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕಾಯುತ್ತದೆ. ಉತ್ಪತ್ತಿಯಾದ ಶಾಖದ ಮೂರನೆಯ ಒಂದು ಭಾಗವೂ ವಿದ್ಯುತ್ತಾಗಿ ಕೈಸೇರುವುದಿಲ್ಲ. ಆ ವಿದ್ಯುತ್ತಿನಿಂದ ನೀರನ್ನು ವಿಭಜಿಸುವಾಗ ಮತ್ತಷ್ಟು ನಷ್ಟವುಂಟಾಗುತ್ತದೆ. ಒಂದೇ ಸರಕಿಗೆ ಇಬ್ಬರು ದಲ್ಲಾಳಿಗಳಿಗೆ ತೆತ್ತಂತೆ ಇದು.

ಶಾಖವನ್ನೇ ನೇರವಾಗಿ ಬಳಸಿಕೊಳ್ಳುವ ಉದ್ದೇಶದಿಂದ ಹೀಲಿಯಂ ಅನಿಲದಿಂದ ತಂಪಾಗುವ ಸ್ಥಾವರಗಳನ್ನು ರೂಪಿಸಲಾಗಿದೆ. ಜಪಾನಿನ ಓಅರಾಯ್‌ನಲ್ಲಿರುವ 30 ಮೆಗಾವ್ಯಾಟ್ ಉಷ್ಣ ಸಾಮರ್ಥ್ಯದ ಸಂಶೋಧನಾ ಸ್ಥಾವರವು 1998ರಲ್ಲಿ ಕಾರ್ಯಾರಂಭ ಮಾಡಿ, 2004ರಲ್ಲಿ 950 ಡಿಗ್ರಿ ತಾಪವನ್ನು ಮುಟ್ಟಿತು. ಇಷ್ಟು ಶಾಖ ದೊರೆತಲ್ಲಿ ಅಯೋಡಿನ್-ಗಂಧಕ ವಿಧಾನವನ್ನು ಅನುಸರಿಸಬಹುದಾಗಿದೆ. ನೀರು, ಅಯೋಡಿನ್ ಮತ್ತು ಗಂಧಕದ ಡೈಆಕ್ಸೈಡ್ ಸೇರಿ ಎರಡು ಆಮ್ಲಗಳು ಉಂಟಾಗುತ್ತವೆ. ಕಾಯಿಸಿದಾಗ ಒಂದರಿಂದ ಜಲಜನಕವೂ ಮತ್ತೊಂದಾದ ಗಂಧಕಾಮ್ಲದಿಂದ ಆಮ್ಲಜನಕವೂ ಹೊರಬರುತ್ತವೆ. ಅಯೋಡಿನ್ ಮತ್ತು ಗಂಧಕ ಪುನಃ ಬಳಕೆಗೆ ಮರಳುತ್ತವೆ. ಖರ್ಚಾಗುವುದು ನೀರು ಮಾತ್ರ. ಗಂಧಕಾಮ್ಲದ ವಿಭಜನೆಗೆ 850 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಕುದಿಯುವ ಆಮ್ಲವನ್ನು ತಡೆದುಕೊಳ್ಳುವ ಕೊಳವೆಗಳನ್ನು ತಯಾರಿಸುವುದೇ ಇಲ್ಲಿನ ನಿಜವಾದ ಕಷ್ಟ. 2019ರಲ್ಲಿ ಜಪಾನಿನ ಪ್ರಯೋಗ ಘಟಕವು 150 ಗಂಟೆ ಸತತವಾಗಿ ನಡೆಯಿತು. ದೊರೆತ ಜಲಜನಕ ಗಂಟೆಗೆ ಸುಮಾರು 30 ಲೀಟರ್ ಮಾತ್ರ, ಅದೂ ವಿದ್ಯುತ್ ಕಾವಿನಿಂದ. ಅಣುಸ್ಥಾವರಕ್ಕೆ ಮೊದಲು ಜೋಡಿಸಲು ಯೋಜಿಸಿರುವುದು ನೈಸರ್ಗಿಕ ಅನಿಲದಿಂದಲೇ ಜಲಜನಕ ತೆಗೆಯುವ ಘಟಕವನ್ನು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಫಲಿತಾಂಶ ಸ್ಪಷ್ಟವಾಗಿದೆ. ಯುರೇನಿಯಂ ಇಂಧನವನ್ನು ಒಂದು ಮಿಲಿಮೀಟರಿಗೂ ಕಡಿಮೆ ಗಾತ್ರದ ಕಣಗಳನ್ನಾಗಿಸಿ, ಇಂಗಾಲ ಹಾಗೂ ಸಿಲಿಕಾನ್ ಕಾರ್ಬೈಡ್ ಲೇಪನಗಳಿಂದ ಮುಚ್ಚಲಾಗಿರುತ್ತದೆ. ಸುಮಾರು 1,600 ಡಿಗ್ರಿಯವರೆಗೂ ಈ ಲೇಪನವು ವಿಕಿರಣಶೀಲ ಪದಾರ್ಥಗಳನ್ನು ಹಿಡಿದಿಡುತ್ತದೆ. 2011ರ ಭೂಕಂಪದ ನಂತರ ಸ್ಥಗಿತಗೊಂಡಿದ್ದ ಓಅರಾಯ್ ಸ್ಥಾವರವು 2021ರಲ್ಲಿ ಪುನರಾರಂಭವಾಯಿತು. 2024ರ ಮಾರ್ಚ್‌ನಲ್ಲಿ ಅದು ಪೂರ್ಣ ಸಾಮರ್ಥ್ಯದಲ್ಲಿದ್ದಾಗಲೇ ಹೀಲಿಯಂ ಹರಿವನ್ನು ನಿಲ್ಲಿಸಲಾಯಿತು, ನಿಯಂತ್ರಣ ಸರಳುಗಳನ್ನೂ ಇಳಿಸಲಿಲ್ಲ. ತಾಪ ಏರಿದಂತೆ ವಿದಳನ ಕ್ರಿಯೆ ತಾನಾಗಿಯೇ ಕುಗ್ಗಿತು.

ವಿದ್ಯುತ್ ಉತ್ಪಾದನೆಯಲ್ಲಿ ಚೀನಾ ಮುಂದಿದೆ. ಶಾಂಡೊಂಗ್ ಪ್ರಾಂತದ ಶಿದಾವೊವಾನ್‌ನಲ್ಲಿ ಎರಡು ಚಿಕ್ಕ ರಿಯಾಕ್ಟರುಗಳು ಒಂದೇ ಟರ್ಬೈನನ್ನು ನಡೆಸುತ್ತವೆ. ಸುಮಾರು 200 ಮೆಗಾವ್ಯಾಟ್ ಸಾಮರ್ಥ್ಯದ ಈ ಸ್ಥಾವರವು 2023ರ ಡಿಸೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದರ ಹೀಲಿಯಂ ತಾಪ 750 ಡಿಗ್ರಿ. ವಿದ್ಯುತ್ತಿಗೆ ಇದು ಧಾರಾಳವಾಯಿತು, ಗಂಧಕಾಮ್ಲಕ್ಕೆ ಸಾಲದು.