ಎಂಜಿನ್ ಬೋರ್ ಮಾಡಿಸಿದ ಮೇಲೂ ಹೊಗೆ ಬರುತ್ತಿದ್ದರೆ



ಬೈಕಿನ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗು ಹಾಕಿಸಿ ಮನೆಗೆ ತಂದ ದಿನವೇ ಸೈಲೆನ್ಸರಿನಲ್ಲಿ ಹೊಗೆ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಮರುದಿನವೇ ವರ್ಕ್‌ಶಾಪಿಗೆ ಹೋಗಿ ಜಗಳ ತೆಗೆಯುವವರಿದ್ದಾರೆ. ಗಾಬರಿಯಲ್ಲಿ ಮತ್ತೆ ಬಿಚ್ಚಿಸಿ ಇನ್ನೊಂದು ಸೆಟ್ ರಿಂಗಿಗೆ ದುಡ್ಡು ತೆತ್ತವರೂ ಇದ್ದಾರೆ. ಹಾಲು, ಹೂವು, ತರಕಾರಿ ಹಾಕುವ ನಮ್ಮ ಎಷ್ಟೋ ಸದಸ್ಯರಿಗೆ ಬೈಕು ನಿಂತರೆ ಅಂದಿನ ಸಂಪಾದನೆಯೂ ನಿಂತಂತೆ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ನಾವು ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದವರು, ಮೆಕ್ಯಾನಿಕ್ ಅಲ್ಲ. ಆದರೆ ಹೊಗೆ ಯಾವಾಗ ಬಂತು, ಹೇಗೆ ಬಂತು ಎಂದು ಗಮನಿಸಿ ಹೇಳುವುದಕ್ಕೆ ಮೆಕ್ಯಾನಿಕ್ಕೇ ಆಗಬೇಕೆಂದೇನಿಲ್ಲ.

ನಮ್ಮಲ್ಲಿ ಹೆಚ್ಚಿನವರ ಬಳಿ ಇರುವ 100 ಸಿಸಿಯ ಫೋರ್ ಸ್ಟ್ರೋಕ್ ಬೈಕನ್ನೇ ತೆಗೆದುಕೊಳ್ಳೋಣ. ಜೋಡಿಸುವಾಗ ಪಿಸ್ಟನ್ನಿಗೂ ಬ್ಲಾಕಿನ ಒಳಗೋಡೆಗೂ ಆಯಿಲ್ ಸವರಿಯೇ ಕೂರಿಸುತ್ತಾರೆ. ಅದು ಸುಟ್ಟು ಹೋಗಬೇಕು. ಇದಕ್ಕಿಂತ ದೊಡ್ಡದು ಹಳೆಯ ಸೈಲೆನ್ಸರ್. ಬೋರ್ ಸವೆದು ತಿಂಗಳುಗಟ್ಟಲೆ ಆಯಿಲ್ ಉಗುಳಿದ ಬೈಕಿನ ಸೈಲೆನ್ಸರಿನ ಹೊಟ್ಟೆಯಲ್ಲಿ ಆ ಆಯಿಲೆಲ್ಲ ಕೂತಿರುತ್ತದೆ. ಎಂಜಿನ್ ಹೊಸದಾದರೂ ಸೈಲೆನ್ಸರ್ ಬಿಸಿಯಾದಾಗಲೆಲ್ಲ ಹೊಗೆ ಬರುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ. ಕಡಿಮೆಯಾಗುತ್ತಿದೆಯೋ, ಹಾಗೇ ಇದೆಯೋ, ಹೆಚ್ಚುತ್ತಿದೆಯೋ ಎಂಬುದನ್ನೇ ಮೊದಲು ನೋಡಬೇಕು.

ಎರಡನೆಯದು, ರಿಂಗು ಕೂರುವ ವಿಚಾರ. ಹೊಸ ರಿಂಗು ಬ್ಲಾಕಿನ ಗೋಡೆಗೆ ತಾನಾಗಿ ಒಪ್ಪಿಕೊಳ್ಳುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದೆ ಸೇರಿ ಅದನ್ನು ಗೋಡೆಗೆ ಅದುಮಬೇಕು. ಹೋನಿಂಗ್ ಮಾಡಿದಾಗ ಬಿದ್ದ ಸಣ್ಣ ಅಡ್ಡಗೀರುಗಳ ಮೇಲೆ ಉಜ್ಜಿ ಉಜ್ಜಿ ಎರಡೂ ಹೊಂದಿಕೊಳ್ಳಬೇಕು. ಎಂಜಿನ್ ಮೇಲೆ ಹದವಾದ ಭಾರ ಬಿದ್ದರೆ ಮಾತ್ರ ಇದು ನಡೆಯುವುದು. ಮನೆ ಮುಂದೆ ಸ್ಟ್ಯಾಂಡ್ ಹಾಕಿ ಗಂಟೆಗಟ್ಟಲೆ ಸ್ಲೋದಲ್ಲಿ ಓಡಿಸಿದರೆ ರಿಂಗು ಕೂರುವ ಬದಲು ಗೋಡೆ ಗಾಜಿನಂತೆ ನುಣುಪಾಗಿ ಆಯಿಲ್ ಮೇಲಕ್ಕೆ ನುಗ್ಗುತ್ತದೆ. "ಹೊಸ ಎಂಜಿನ್, ಎಷ್ಟು ನಿಧಾನವೋ ಅಷ್ಟು ಒಳ್ಳೆಯದು" ಎಂಬ ಮಾತು ಅರ್ಧ ಮಾತ್ರ ನಿಜ. ಮೊದಲ 500 ಕಿ.ಮೀ. ಪೂರ್ತಿ ಥ್ರಾಟಲ್ ಬೇಡ, ಇಬ್ಬರು ಕೂತು ಘಾಟಿ ಹತ್ತುವುದೂ ಬೇಡ. ಆದರೆ ರಸ್ತೆಯ ಮೇಲೆ ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಿ. ಆ ಹೊತ್ತಿಗೆ ಆಯಿಲ್ ಬದಲಿಸಿಬಿಡಿ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ.

ಇನ್ನು ಬಣ್ಣ. ಕಪ್ಪು ಹೊಗೆ ಬಂದರೆ ರಿಂಗಿನ ಮಾತೇ ಬೇಡ. ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಚೋಕ್, ಕಾರ್ಬೊರೇಟರ್, ಏರ್ ಫಿಲ್ಟರ್ ನೋಡಿಸಿದರೆ ಸಾಕು. ಬೆಳಿಗ್ಗೆ ಎದ್ದು ಸಾಯುವ ತೆಳು ಬಿಳಿ ಹೊಗೆ ಬರೀ ನೀರಾವಿ. ತೊಂದರೆ ಕೊಡುವುದು ನೀಲಿ, ಅಂದರೆ ಆಯಿಲ್ ಹೊಗೆ. ಗ್ಯಾರೇಜುಗಳಲ್ಲಿ ಇದನ್ನೂ 'ಬಿಳಿ ಹೊಗೆ' ಎಂದೇ ಕರೆಯುವುದರಿಂದ ಗೊಂದಲ. ಹಿಂದೆ ಕತ್ತಲು ಅಥವಾ ನೆರಳಿದ್ದರೆ ನೀಲಿ ಎದ್ದು ಕಾಣುತ್ತದೆ. ಅನುಮಾನವಿದ್ದರೆ ಸೈಲೆನ್ಸರಿನ ಹಿಂದೆ ಸ್ವಲ್ಪ ದೂರದಲ್ಲಿ ಬಿಳಿ ಕಾಗದ ಹಿಡಿಯಿರಿ. ನೀರು ಒಣಗುತ್ತದೆ, ಆಯಿಲಿನ ಜಿಡ್ಡು ಉಳಿಯುತ್ತದೆ.

ಆಯಿಲ್ ಹೊಗೆಯೇ ಎಂದು ಖಾತ್ರಿಯಾದರೆ ಅದು ಬರುವ ಹೊತ್ತನ್ನು ಗಮನಿಸಿ. ರಾತ್ರಿಯೆಲ್ಲ ನಿಂತ ಬೈಕನ್ನು ಕಿಕ್ ಹೊಡೆದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್ ಅಥವಾ ಗೈಡ್ ಕಡೆ ನೋಡಬೇಕು. ನಿಂತಾಗ ಆಯಿಲ್ ಅಲ್ಲಿಂದ ಒಳಗೆ ಇಳಿದಿರುತ್ತದೆ. ಇದಕ್ಕೆ ನಮ್ಮ ತಾಳವಾಡಿಯವರಿಗೆ ಒಳ್ಳೆಯ ಪರೀಕ್ಷಾ ರಸ್ತೆಯೇ ಇದೆ. ದಿಂಬಂ ಘಾಟಿಯ 27 ತಿರುವುಗಳನ್ನು ಥ್ರಾಟಲ್ ಬಿಟ್ಟು, ಗೇರಿನಲ್ಲೇ ಇಳಿದು, ಕೆಳಗೆ ಸಮತಟ್ಟಿನಲ್ಲಿ ಥ್ರಾಟಲ್ ಕೊಟ್ಟಾಗ ಗಪ್ಪನೆ ನೀಲಿ ಹೊಗೆ ಬಂದರೆ ಅದೂ ಸೀಲಿನದೇ ಗುರುತು. ಇಳಿಯುವಾಗ ಎಂಜಿನ್ ಒಳಗಿನ ಎಳೆತ ಹೆಚ್ಚು, ಸೀಲ್ ಸಡಿಲವಿದ್ದರೆ ಆಯಿಲನ್ನು ಹೀರಿಕೊಳ್ಳುತ್ತದೆ. ನೀಲಗಿರಿ, ವಯನಾಡಿನವರೂ ತಮ್ಮ ಘಾಟಿಯಲ್ಲಿ ನೋಡಬಹುದು. ಹಾಗಲ್ಲದೆ ಏರಿನಲ್ಲಿ, ಥ್ರಾಟಲ್ ಕೊಟ್ಟಷ್ಟೂ ಹೊಗೆ ಹೆಚ್ಚಿ, ಬ್ರೀದರ್ ಪೈಪಿನಿಂದಲೂ ಹೊಗೆ ಬುಸುಗುಟ್ಟುತ್ತಿದ್ದರೆ ಬ್ಲಾಕ್ ಮತ್ತು ರಿಂಗಿನದೇ ತಕರಾರು.

ಆದರೂ ಬಿಚ್ಚಿಸುವ ಮೊದಲು ಆಯಿಲ್ ಮಟ್ಟ ನೋಡಿ. ಹೆಚ್ಚು ಹಾಕಿದ್ದರೂ ಹೊಗೆ ಬರುತ್ತದೆ. ಅಳತೆ ನೋಡದೆ ಡಬ್ಬ ಪೂರ್ತಿ ಸುರಿಯುವುದು ಸಾಮಾನ್ಯ. ಬೈಕನ್ನು ಮೇನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದಂತೆ ಅಳೆಯಿರಿ. ಹಲವು ಬೈಕುಗಳಲ್ಲಿ ಕಡ್ಡಿಯನ್ನು ತಿರುಪದೆ ಬರೀ ಇಳಿಬಿಟ್ಟು ನೋಡಬೇಕು.

ಬಿಚ್ಚಲೇಬೇಕಾಗಿ ಬಂದರೆ ಎದುರಿಗೇ ನಿಂತು ನೋಡಿ. ರಿಂಗಿನ ಗುರುತು ಮೇಲ್ಮುಖವಾಗಿದೆಯೇ? ರಿಂಗುಗಳ ಬಾಯಿ ಎಲ್ಲವೂ ಒಂದೇ ಸಾಲಿಗೆ ಬಂದಿವೆಯೇ? ಬರಬಾರದು. ಆಯಿಲ್ ರಿಂಗಿನ ನಡುವಿನ ಸ್ಪ್ರಿಂಗಿನ ತುದಿಗಳು ಒಂದರ ಮೇಲೊಂದು ಹತ್ತಿವೆಯೇ? ಕಂಡುಹಿಡಿಯಲು ಕಷ್ಟವಾದ ತಪ್ಪು ಇದೇ ಎಂದು ನಮ್ಮ ಅನಿಸಿಕೆ. ಪಿಸ್ಟನ್ 0.25 ಓವರ್‌ಸೈಜ್, ರಿಂಗು ಇನ್ನೊಂದು ಅಳತೆಯದು ಆಗಿರುವುದೂ ಉಂಟು. ವಾಲ್ವ್ ಸೀಲ್ ಬಿಲ್ಲಿನಲ್ಲಿದೆಯೇ ನೋಡಿ. ಚಿಲ್ಲರೆ ದುಡ್ಡಿನ ಆ ರಬ್ಬರನ್ನು ಹಳೆಯದೇ ಬಿಟ್ಟಿರುತ್ತಾರೆ.

ಹೊಸೂರಿನ ಕಾರ್ಖಾನೆಯಿಂದ ಬಂದ ಹಳೆಯ ಟಿವಿಎಸ್ ಎಕ್ಸ್‌ಎಲ್‌ಗಳನ್ನೂ, ಕಾಸರಗೋಡಿನ ಅಡಿಕೆ ತೋಟದಲ್ಲಿರುವಂಥ ಟೂ ಸ್ಟ್ರೋಕ್ ಸ್ಪ್ರೇಯರುಗಳನ್ನೂ ಈ ಲೆಕ್ಕದಲ್ಲಿ ನೋಡಬಾರದು. ಅವು ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುವುದರಿಂದ ತೆಳು ನೀಲಿ ಹೊಗೆ ಸಹಜ. 1:50 ಎಂದರೆ ಲೀಟರಿಗೆ 20 ಮಿ.ಲೀ., 1:25 ಎಂದರೆ 40. ಹೊಗೆಗೆ ಹೆದರಿ ಆಯಿಲ್ ಕಡಿಮೆ ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗೇರ್ ಇರುವ ಹಳೆಯ ಟೂ ಸ್ಟ್ರೋಕ್ ಬೈಕು ದಟ್ಟ ಹೊಗೆ ಬಿಡುತ್ತಿದ್ದು, ಗೇರ್ ಬಾಕ್ಸಿನ ಆಯಿಲೂ ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಅದಕ್ಕೆ ಬೋರ್ ಮಾಡಿಸುವುದು ವ್ಯರ್ಥ. ಡೀಸೆಲ್ ಪಂಪಿನ ವಿಚಾರ ಬೇರೆಯೇ ಇದೆ, ಇನ್ನೊಮ್ಮೆ ಬರೆಯುತ್ತೇವೆ.

ಗ್ಯಾರೇಜಿನಲ್ಲಿ ಭಾಷೆಯ ತೊಡಕೇನೂ ಆಗದು. ನಮ್ಮ 'ಹೊಗೆ' ಹಳಗನ್ನಡದಲ್ಲಿ 'ಪೊಗೆ'. ತೆಲುಗಿನವರು 'ಪೊಗ' ಎನ್ನುತ್ತಾರೆ, ಮಲಯಾಳದಲ್ಲಿ 'ಪುಗ', ತಮಿಳಿನಲ್ಲಿ 'ಪುಗೈ'. ಸೊಲ್ಲಾಪುರ, ಜತ್ತದವರು ಮಾತ್ರ ಮರಾಠಿಯ 'ಧೂರ್' ಹೇಳಬೇಕು. ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಕೆಲಸ ಮಾಡಿಸಿದ ತಾರೀಖು, ಅಂದಿನಿಂದ ಓಡಿದ ಕಿ.ಮೀ., ಆಯಿಲ್ ಎಷ್ಟು ಇಳಿದಿದೆ, ಹೊಗೆ ಬರುವುದು ಬೆಳಿಗ್ಗೆಯೋ ಏರಿನಲ್ಲೋ ಇಳಿಜಾರಿನ ನಂತರವೋ. ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಂಡು ಬನ್ನಿ, ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ.

— ಕಾರ್ಯದರ್ಶಿ