ಪರದೇಶದ ಹಿಂಸ್ರ ಮೀನುಗಳೂ ಅವುಗಳನ್ನು ಸಾಕುವವರ ಹೊಣೆಯೂ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆತೋಟಗಳಲ್ಲಿ ಒಂದು ಕೆರೆಯಾಗಲಿ ಮದಕವಾಗಲಿ ಇಲ್ಲದ ತೋಟವು ಅಪರೂಪ. ತೋಟಕ್ಕೆ ನೀರು ಹಾಯಿಸುವುದಕ್ಕಾಗಿ ಮಾಡಿಕೊಂಡ ಈ ಕೆರೆಗಳಲ್ಲಿ ಮೀನನ್ನು ಬೆಳೆಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಒಂದು ಉಪ ಆದಾಯವು ದೊರೆಯುವುದೆಂಬುದು ರಯತರಿಗೆ ತಿಳಿದ ವಿಷಯವೇ ಆಗಿದೆ. ಆದರೆ ಯಾವ ಮೀನನ್ನು ಸಾಕಬಹುದು, ಯಾವುದನ್ನು ಸಾಕಕೂಡದು ಎಂಬ ವಿವೇಚನೆಯು ಎಲ್ಲರಲ್ಲಿಯೂ ಇಲ್ಲ. ಬೇಗನೆ ಬೆಳೆಯುತ್ತದೆಂಬ ಆಸೆಯಿಂದಲೋ, ನೋಟಕ್ಕೆ ವಿಚಿತ್ರವಾಗಿದೆಯೆಂಬ ಕುತೂಹಲದಿಂದಲೋ ಪರದೇಶದ ಹಿಂಸ್ರ ಮೀನುಗಳನ್ನು ತಂದು ಬಿಡುವವರು ಉಂಟು. ಇದರಿಂದ ಒಬ್ಬನಿಗೆ ಆಗುವ ಲಾಭವು ಅಲ್ಪ. ಊರಿಗೆಲ್ಲಾ ಆಗುವ ನಷ್ಟವು ಬಹಳ. ಇದಕ್ಕೆ ಕಾನೂನಿನ ಕಟ್ಟುಪಾಡೂ ಇದೆ.

ಹಿಂಸ್ರ ಮೀನು ಎಂದರೇನು

ಇತರ ಮೀನುಗಳನ್ನು ಹಿಡಿದು ತಿಂದು ಜೀವಿಸುವ ಮೀನಿಗೆ ಹಿಂಸ್ರ ಮೀನು ಎಂದು ಹೆಸರು. ನಮ್ಮ ನೀರುಗಳಲ್ಲಿಯೂ ಇಂಥ ಮೀನುಗಳಿವೆ. ಕೊರವ, ಬಾಳೆಮೀನು ಮುಂತಾದವು ಈ ಜಾತಿಯವು. ಅವು ಬಹುಕಾಲದಿಂದ ಇಲ್ಲಿಯೇ ಇರುವುದರಿಂದ ಇತರ ಮೀನುಗಳು ಅವುಗಳಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ಬಲ್ಲವು; ಒಂದಕ್ಕೊಂದು ಸರಿತೂಗಿ ನಡೆಯುತ್ತದೆ. ಪರದೇಶದಿಂದ ಬಂದ ಹಿಂಸ್ರ ಮೀನಿಗೆ ಇಲ್ಲಿ ಅಂಥ ತಡೆಯಿಲ್ಲ. ಆಫ್ರಿಕಾ ಖಂಡದ ವಿಕ್ಟೋರಿಯಾ ಸರೋವರದಲ್ಲಿ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ಬಿಡಲಾಯಿತು. ಮುಂದಿನ ಕೆಲವೇ ದಶಕಗಳಲ್ಲಿ ಆ ಸರೋವರದ ಸುಮಾರು 200 ಜಾತಿಯ ಸಣ್ಣ ಮೀನುಗಳು ಅಳಿದುವೆಂದು ಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ನೈಲ್ ಪರ್ಚ್ ಅದಕ್ಕೆ ಮುಖ್ಯ ಕಾರಣವಾಯಿತು.

ಆಫ್ರಿಕದ ಮುಗುಡು

ನಮ್ಮ ಸೀಮೆಗೆ ಹೆಚ್ಚಿನ ಭಯವಿರುವುದು ಆಫ್ರಿಕದ ಮುಗುಡಿನಿಂದ. ಕ್ಯಾಟ್‌ಫಿಶ್ ಎಂದೂ ಥಾಯ್ ಮಾಗುರ್ ಎಂದೂ ಇದನ್ನು ಪೇಟೆಯಲ್ಲಿ ಕರೆಯುವುದುಂಟು. 1990ರ ದಶಕದ ಆರಂಭದ ಹೊತ್ತಿಗೆ ಇದು ಸರಕಾರದ ಅನುಮತಿಯಿಲ್ಲದೆ ಬಾಂಗ್ಲಾದೇಶದ ಮೂಲಕ ಭಾರತಕ್ಕೆ ಬಂದಿತು. ಇದು ಮೀನು, ಕಪ್ಪೆ, ಹುಳು, ಕೊಳೆತ ಮಾಂಸ ಯಾವುದನ್ನೂ ಬಿಡದು. ಕಿವಿರಿನ ಜೊತೆಗೆ ಗಾಳಿಯನ್ನು ಉಸಿರಾಡುವ ಅಂಗವೂ ಇರುವುದರಿಂದ ಇತರ ಮೀನುಗಳು ಸಾಯುವಂಥ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಬೇಸಗೆಯಲ್ಲಿ ಕೆಸರಿನೊಳಗೆ ಹುದುಗಿಕೊಂಡಿರುತ್ತದೆ; ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ತೆವಳಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಕೆಲವು ಕಡೆ ಕೋಳಿಯಂಗಡಿಯ ತ್ಯಾಜ್ಯವನ್ನು ಹಾಕಿ ಇದನ್ನು ಸಾಕುವುದರಿಂದ ಸುತ್ತಲಿನ ಬಾವಿಗಳ ನೀರೂ ಕೆಡುವ ಸಂಭವವಿದೆ.

ನಮ್ಮ ನಾಡಿನ ಮುಗುಡು ಬೇರೆ, ಇದು ಬೇರೆ. ನಾಡಿನ ಮುಗುಡು ಸಣ್ಣದು, ನಿಧಾನವಾಗಿ ಬೆಳೆಯತಕ್ಕದ್ದು. ಆಫ್ರಿಕದ್ದಾದರೋ ಒಂದು ವರ್ಷದೊಳಗೆ ಒಂದು ಕಿಲೋಗ್ರಾಮಿಗೂ ಮೀರಿ ಬೆಳೆದು, ಮುಂದೆ ಒಂದು ಮೀಟರಿಗಿಂತಲೂ ಉದ್ದವಾಗುತ್ತದೆ. ದೊಡ್ಡದಾದಾಗ ಇದರ ಮೈಮೇಲೆ ಅಮೃತಶಿಲೆಯಲ್ಲಿರುವಂತೆ ಮಚ್ಚೆಗಳು ಕಾಣುವುವು. ಮರಿಗಳಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ. ಆದುದರಿಂದ ಗುರುತಿಲ್ಲದ ಮಾರಾಟಗಾರನು “ಮುಗುಡಿನ ಮರಿ” ಎಂದು ಹೇಳಿ ತಂದುದನ್ನು ಕೊಳ್ಳಲೇಕೂಡದು.

ಕಾಜಿನ ತೊಟ್ಟಿಯ ಮೀನುಗಳು

ಇನ್ನು ಅಲಂಕಾರಕ್ಕಾಗಿ ಸಾಕುವ ಮೀನುಗಳು. ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಎಂಬುದು ಮೊಸಳೆಯಂತೆ ಚಾಚಿದ ಬಾಯುಳ್ಳದ್ದು. ಎರಡು ಮೀಟರಿಗೂ ಹೆಚ್ಚು ಬೆಳೆಯುತ್ತದೆ. ಇದರ ಮೊಟ್ಟೆಯು ಮನುಷ್ಯರಿಗೆ ವಿಷ. ಅಮೆಜಾನ್ ನದಿಯ ಅರಪೈಮಾ ನೂರು ಕಿಲೋಗ್ರಾಮಿಗೂ ಮೀರಿ ತೂಗುತ್ತದೆ. ಗೇಣುದ್ದದ ಮರಿಯಾಗಿದ್ದಾಗ ಕೊಂಡವರು ಅದು ತೊಟ್ಟಿಯಲ್ಲಿ ಹಿಡಿಸದಂತಾದಾಗ ಕೆರೆಗೋ ಹೊಳೆಗೋ ಬಿಟ್ಟುಬಿಡುತ್ತಾರೆ. ಕೊಲ್ಲುವುದಕ್ಕಿಂತ ಬಿಡುವುದು ಪುಣ್ಯವೆಂದು ಅವರ ಭಾವನೆ. ಆ ಒಂದು ಜೀವವನ್ನು ಉಳಿಸಿದಂತೆ ಕಂಡರೂ ಅದರ ಬಾಯಿಗೆ ಸಾವಿರಾರು ಜೀವಗಳನ್ನು ಕೊಟ್ಟಂತಾಯಿತೆಂಬುದನ್ನು ಅವರು ಯೋಚಿಸುವುದಿಲ್ಲ. 2018ರ ಮಹಾಪ್ರವಾಹದ ತರುವಾಯ ಕೇರಳದ ಚಾಲಕುಡಿ ನದಿಯಲ್ಲಿ ಅರಪೈಮಾ ಸಿಕ್ಕಿತು. ಸಾಕುವ ಕೊಳಗಳು ಕಟ್ಟೆ ಮೀರಿ ಹರಿದುದೇ ಇದಕ್ಕೆ ಕಾರಣ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿಯೂ ಅಲಿಗೇಟರ್ ಗಾರ್ ಕಾಣಿಸಿಕೊಂಡಿತು.

ಉಪ್ಪಿನಂಗಡಿಯ ಸೀಮೆಗೆ ವಿಶೇಷ ಅಪಾಯವೇಕೆ

ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುತ್ತದೆ. ಶ್ರೀ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಎರಡು ನದಿಗಳ ನೆರೆನೀರು ಒಂದಾಗುವುದನ್ನು ಜನರು ಸಂಗಮವೆಂದು ಪೂಜಿಸುತ್ತಾರೆ. 1923ರ ದೊಡ್ಡ ನೆರೆಯ ಮಾತು ಈ ಸೀಮೆಯಲ್ಲಿ ಇಂದಿಗೂ ಮರೆತುಹೋಗಿಲ್ಲ. ಇಲ್ಲಿಯ ಮಳೆಗೆ ಬೈಲಿನ ಕೆರೆಯು ತುಂಬಿ ತೋಡಿಗೂ, ತೋಡು ಹೊಳೆಗೂ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ಒಬ್ಬನ ತೋಟದ ಕೆರೆಯ ಮೀನು ಆಟಿ ತಿಂಗಳಲ್ಲಿ ಎರಡು ನದಿಗಳ ಮೀನಾಗಿಬಿಡುವುದು.

ಆ ನದಿಗಳಲ್ಲಿರುವುದಾದರೂ ಎಂಥ ಸಂಪತ್ತು! ಕುಕ್ಕೆ ಸುಬ್ರಹ್ಮಣ್ಯದ ಬಳಿ ಕುಮಾರಧಾರೆಯಲ್ಲಿಯೂ, ಶಿಶಿಲದಲ್ಲಿ ಕಪಿಲಾ ನದಿಯಲ್ಲಿಯೂ ಮಹಶೀರ್ ಮೀನುಗಳನ್ನು ದೇವರ ಮೀನೆಂದು ಭಾವಿಸಿ ಜನರು ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ದುಷ್ಟರು ಶಿಶಿಲದ ಹೊಳೆಗೆ ವಿಷವಿಕ್ಕಿದುದರಿಂದ ಸಾವಿರಾರು ಮೀನುಗಳು ಸತ್ತುವು. ವಿಷವಾದರೋ ನೀರಿನೊಡನೆ ಹರಿದುಹೋಗುತ್ತದೆ, ಮೀನು ಮತ್ತೆ ಬೆಳೆಯುತ್ತದೆ. ಗಯಗಳಲ್ಲಿ ನೆಲೆಯೂರಿದ ಪರದೇಶದ ಹಿಂಸ್ರ ಮೀನನ್ನು ಅಲ್ಲಿಂದ ತೆಗೆಯುವ ಉಪಾಯವೇ ಇಲ್ಲ.

ಕಾನೂನು ಏನು ಹೇಳುತ್ತದೆ

ಆಫ್ರಿಕದ ಮುಗುಡನ್ನು ಸಾಕುವುದನ್ನು ನಿಲ್ಲಿಸಿ, ಇರುವ ಮೀನನ್ನು ನಾಶಪಡಿಸಬೇಕೆಂದು ಕೇಂದ್ರ ಸರಕಾರವು 1997ರಲ್ಲಿಯೇ ರಾಜ್ಯಗಳಿಗೆ ಆದೇಶವನ್ನಿತ್ತಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಆದಕಾರಣ “ನನ್ನ ಜಮೀನು, ನನ್ನ ಕೆರೆ” ಎಂಬ ಸಮಾಧಾನವು ಇಲ್ಲಿ ನಡೆಯದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ನಾಡಿಗೆ ಹಾನಿಕರವಾದ ಪರದೇಶದ ಜಾತಿಗಳನ್ನು ತರಿಸುವುದು, ಮಾರುವುದು, ಇಟ್ಟುಕೊಳ್ಳುವುದು, ಹೆಚ್ಚಿಸುವುದು ಇವುಗಳನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವು ಕೇಂದ್ರ ಸರಕಾರಕ್ಕೆ ಬಂದಿದೆ. ಅದೇ ಕಾಯಿದೆಯ 4ನೆಯ ಅನುಸೂಚಿಯಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟ ಜೀವಿಗಳ ಹೆಸರಿವೆ. ಅರಪೈಮಾ ಮತ್ತು ಏಷ್ಯಾದ ಅರೋವಾನ ಇವೆರಡೂ ಅದರಲ್ಲಿ ಸೇರಿವೆ. ಇಂಥ ಜೀವಂತ ಮೀನನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಸರಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಅದನ್ನು ಇನ್ನೊಬ್ಬರಿಗೆ ಕೊಟ್ಟರೂ, ಅದು ಮರಿಹಾಕಿದರೂ ವರದಿ ಮಾಡತಕ್ಕದ್ದು. ಅರೋವಾನಗಳಲ್ಲಿ ಹಲವು ಜಾತಿಗಳಿರುವುದರಿಂದ ಕೊಳ್ಳುವವನು ಅದರ ಜಾತಿಯನ್ನು ನಮೂದಿಸಿದ ರಸೀದಿಯನ್ನು ಪಡೆದಿರಬೇಕು.

ಈಗಾಗಲೇ ಇದ್ದರೆ ಮಾಡತಕ್ಕ ಕೆಲಸ

1. ಯಾವ ಕಾರಣಕ್ಕೂ ಹೊಳೆಗೆ, ತೋಡಿಗೆ, ದೇವಸ್ಥಾನದ ಕೆರೆಗೆ ಬಿಡಕೂಡದು. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ತಿಳಿಸಬೇಕು.

2. ನೀರು ಕಡಿಮೆಯಾಗುವ ಬೇಸಗೆಯಲ್ಲಿ ಕೆರೆಯನ್ನು ಪೂರ್ತಿ ಬತ್ತಿಸಬೇಕು. ಬರಿಯ ಬಲೆ ಎಳೆದರೆ ಸಾಲದು. ಆಫ್ರಿಕದ ಮುಗುಡು ಕೆಸರಿನಲ್ಲಿ ಉಳಿಯುವುದರಿಂದ ಕೆಸರನ್ನೂ ತೆಗೆದು, ತಳವನ್ನು ಒಣಗಿಸಿ, ಇಲಾಖೆಯವರು ಹೇಳುವ ಪ್ರಮಾಣದಲ್ಲಿ ಸುಣ್ಣವನ್ನು ಹಾಕಬೇಕು. ಹಿಡಿದ ಮೀನನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು.

3. ಮೀನನ್ನು ಕೊಲ್ಲಲು ನೀರಿಗೆ ವಿಷವನ್ನಾಗಲಿ ತೋಟೆಯನ್ನಾಗಲಿ ಹಾಕಕೂಡದು. 1897ರ ಮೀನುಗಾರಿಕಾ ಕಾಯಿದೆಯೇ ಇದನ್ನು ಅಪರಾಧವೆಂದು ಗಣಿಸಿತ್ತು.

4. ಯಾವ ಮೀನನ್ನೇ ಸಾಕಲಿ, ಮಳೆಗಾಲಕ್ಕೆ ಮುಂಚೆ ಕಟ್ಟೆಯನ್ನು ಎತ್ತರಿಸಿ, ನೀರು ಹೊರಹೋಗುವ ದಾರಿಗೆ ಸಣ್ಣ ಕಣ್ಣಿನ ಬಲೆಯನ್ನು ಭದ್ರವಾಗಿ ಕಟ್ಟಬೇಕು.

ಅದರ ಬದಲಿಗೆ ಏನನ್ನು ಸಾಕಬಹುದು

ಕಾಟ್ಲಾ, ರೋಹು, ಮೃಗಾಲ್ ಈ ಮೂರು ಜಾತಿಗಳನ್ನು ಒಂದೇ ಕೆರೆಯಲ್ಲಿ ಬೆಳೆಸಬಹುದು. ಕಾಟ್ಲಾ ಮೇಲಿನ ನೀರಿನಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದರ ಆಹಾರಕ್ಕೆ ಇನ್ನೊಂದು ಅಡ್ಡಿಬಾರದು. ಹಿಂಸ್ರ ಮೀನನ್ನೇ ಸಾಕಬೇಕೆಂಬ ಅಪೇಕ್ಷೆಯಿದ್ದವರು ನಾಡಿನ ಕೊರವವನ್ನು ಪ್ರತ್ಯೇಕ ಕೆರೆಯಲ್ಲಿ ಸಾಕಬಹುದು. ಇದಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಆದರೆ ಕೊರವವು ತನ್ನ ಜಾತಿಯ ಸಣ್ಣ ಮರಿಗಳನ್ನೂ ನುಂಗುವುದರಿಂದ ಮರಿಗಳನ್ನು ಗಾತ್ರಾನುಸಾರವಾಗಿ ಬೇರ್ಪಡಿಸುತ್ತಿರಬೇಕು. ನೀರಿನಿಂದ ಹಾರುವ ಸ್ವಭಾವವಿರುವುದರಿಂದ ಕೆರೆಯ ಸುತ್ತ ಬಲೆ ಬೇಕು. ಮರಿಗಳನ್ನು ಇಲಾಖೆಯ ಮೀನುಮರಿ ಕೇಂದ್ರದಿಂದ ತರುವುದು ಕ್ಷೇಮ.

ಗ್ರಾಮ ಪಂಚಾಯತಿಯ ಕೆರೆಯನ್ನು ಹರಾಜಿಗಿಡುವಾಗ ಆಫ್ರಿಕದ ಮುಗುಡನ್ನು ಬಿಡತಕ್ಕದ್ದಲ್ಲವೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಯಿಸುವುದು ಗ್ರಾಮದ ಪ್ರಮುಖರ ಕರ್ತವ್ಯ. ದೊಡ್ಡ ಜಮೀನುದಾರರು ತಮ್ಮ ಕೆರೆಗಳಲ್ಲಿ ಇದನ್ನು ಮೊದಲು ಪಾಲಿಸಿದರೆ ನೆರೆಹೊರೆಯ ಸಣ್ಣ ಹಿಡುವಳಿದಾರರೂ ಅನುಸರಿಸುವರು. ಕೆರೆಯು ಒಬ್ಬನದಾದರೂ ಅದರಿಂದ ಹರಿದುಹೋಗುವ ನೀರು ಎಲ್ಲರದು. ಮುಂದಿನ ಮಳೆಯು ಬರುವುದಕ್ಕೆ ಮೊದಲೇ ತಮ್ಮ ಗ್ರಾಮದ ಕೆರೆಗಳನ್ನು ಒಮ್ಮೆ ನೋಡಿಸಿ, ಅನುಮಾನವಿದ್ದಲ್ಲಿ ಇಲಾಖೆಯವರಿಗೆ ತಿಳಿಸಿದರೆ ಎರಡು ನದಿಗಳಿಗೂ ಮಹದುಪಕಾರವಾದೀತು.