ಬಿಸಿರೊಟ್ಟಿಯ ಸುಖ

ಮನುಷ್ಯನು ಸುಖವನ್ನು ದೂರದಲ್ಲಿ ಅರಸುವುದು ಲೋಕರೂಢಿ. ನಾವೂ ಅದಕ್ಕೆ ಹೊರತಾದವರಲ್ಲ. ಕಳೆದ ಮಳೆಗಾಲದಲ್ಲಿ ಕಾರ್ಯಾಲಯದ ಚಿಂತೆಗಳಿಂದ ಬೇಸತ್ತು, ಮೂರು ದಿನಗಳ ವಿಶ್ರಾಂತಿಯನ್ನು ಬಯಸಿ, ಧರ್ಮಪತ್ನಿಯೊಡನೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು.

ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿರುವ ಈ ಗಿರಿಧಾಮವು ವಾಚಕರಿಗೆ ಅಪರಿಚಿತವೇನೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಬೇಸಗೆಯ ಬಿಡಾರವಾಗಿದ್ದುದರಿಂದ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಉಂಟು. ಇಲ್ಲಿಯ ಮಣ್ಣು ಕೆಂಪಾಗಿರುವುದಕ್ಕೆ ಅದರೊಳಗಿನ ಕಬ್ಬಿಣವೇ ಕಾರಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹಿಂದೆ ಅದಿರು ಇಳಿದುಹೋಗುತ್ತಿದ್ದುದು ಈ ಬೆಟ್ಟದಿಂದಲೇ. ಈಗ ಇಲ್ಲಿರುವುದು ಉದ್ಯಾನ.

ನಮ್ಮ ದುರದೃಷ್ಟಕ್ಕೆ ಮೂರು ದಿನವೂ ಮಂಜು ಕವಿದಿದ್ದಿತು. ಝಡ್ ಪಾಯಿಂಟಿನಲ್ಲಿ ನಿಂತರೆ ನಮ್ಮ ಕೈಯೇ ನಮಗೆ ಕಾಣದು. ಹೆಬ್ಬೆ ಜಲಪಾತದ ಮಾತಂತೂ ದೂರವೇ ಉಳಿಯಿತು. ಖರ್ಚು ಮಾಡಿದ ಹಣವನ್ನೂ ಆಕಾಶವನ್ನೂ ಶಪಿಸುತ್ತ ಬೆಟ್ಟವಿಳಿದು, ತಪ್ಪಲಿನ ಕಾಫಿತೋಟದಲ್ಲಿದ್ದ ಪರಿಚಿತರ ಮನೆಯನ್ನು ಹೊಕ್ಕೆವು.

ಒಲೆಯ ಮುಂದೆ ಮಣೆ ಹಾಕಿದರು. ಅಕ್ಕಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದುದರಿಂದ ಮಲೆನಾಡಿನವರು ಅದನ್ನು ಕುದಿನೀರಿನಲ್ಲಿ ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ, ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಕಡೆಗೆ ಕೆಂಡಕ್ಕೆ ಒಡ್ಡುವರು. ರೊಟ್ಟಿಯು ಬುಸ್ಸೆಂದು ಉಬ್ಬಿ ತಟ್ಟೆಗೆ ಬಂದಿತು. ಜೊತೆಗೆ ಕಾಯಿಚಟ್ನಿ, ಬೆಣ್ಣೆ, ದಿನಗಟ್ಟಲೆ ನೀರು ಬದಲಿಸುತ್ತ ನೆನೆಯಿಸಿ ಕಹಿ ತೆಗೆದ ಕಳಲೆಯ ಪಲ್ಯ. ಬಾಬಾಬುಡನರು ಏಳು ಬೀಜಗಳನ್ನು ತಂದು ಬಿತ್ತಿದರೆಂಬ ಪ್ರತೀತಿಯುಳ್ಳ ಗಿರಿಸಾಲಿನಲ್ಲಿ ಕಾಫಿಗೇನು ಕೊರತೆ? ಮೂರು ದಿನದ ಅಸಮಾಧಾನವು ಮೂರು ತುತ್ತುಗಳಲ್ಲಿ ಕರಗಿಹೋಯಿತು. ಸುಖವು ಶಿಖರದಲ್ಲಿಲ್ಲ, ಒಲೆಯ ಬಳಿಯಲ್ಲಿದೆ ಎಂದು ಒಂದು ಲೇಖನವನ್ನೇ ಮನಸ್ಸಿನಲ್ಲಿ ರಚಿಸತೊಡಗಿದೆವು.

ಆಗ ಪಕ್ಕದಲ್ಲಿ ಕುಳಿತಿದ್ದ ನಮ್ಮಾಕೆ ಮೆಲ್ಲನೆ ಹೇಳಿದರು: “ಬೇರೆಯವರು ಬೇಯಿಸಿದ ಬಿಸಿರೊಟ್ಟಿ ತಿಂದು ಎಷ್ಟು ವರ್ಷವಾಯಿತೋ, ನೋಡಿ.”

ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಾಗಿತ್ತು. ಮೂವತ್ತು ವರ್ಷಗಳಿಂದ ನಾವು ಕರಡಚ್ಚು ತಿದ್ದುತ್ತ, ತಟ್ಟೆಯನ್ನೇ ನೋಡದೆ, ಬಿಸಿಬಿಸಿಯಾಗಿ ಉಣ್ಣುತ್ತಿದ್ದೇವೆ. ಆಕೆ ಎಲ್ಲರದೂ ಆದಮೇಲೆ ಆರಿದ್ದನ್ನು ಉಣ್ಣುತ್ತಾರೆ. ನ್ಯಾಯ, ಸಮಾನತೆಗಳನ್ನು ಕುರಿತು ನಾವು ಬರೆದ ಅಗ್ರಲೇಖನಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಾದರೂ ನಮ್ಮ ಅಡಿಗೆಮನೆಯ ಹೊಸ್ತಿಲನ್ನು ದಾಟಿರಲಿಲ್ಲ.

ಅಷ್ಟರಲ್ಲಿ ನಮ್ಮಾಕೆ ಎದ್ದು ಲಟ್ಟಣಿಗೆಯನ್ನು ತೆಗೆದುಕೊಂಡು, “ಇನ್ನು ನೀವು ಕುಳಿತುಕೊಳ್ಳಿ ಅಕ್ಕಾ, ನಾನು ಬೇಯಿಸುತ್ತೇನೆ” ಎಂದರು. ಆ ಮನೆಯಾಕೆ ಇನ್ನೂ ಉಂಡಿರಲಿಲ್ಲವೆಂಬುದು ನಮಗೆ ಹೊಳೆದದ್ದು ಆಗಲೇ.

ಸಣ್ಣ ಸುಖಗಳು ದೊಡ್ಡವೆಂಬುದು ನಿಜ. ಆದರೆ ಅವು ತಾವಾಗಿ ತಟ್ಟೆಗೆ ಬರುವುದಿಲ್ಲ. ಯಾರೋ ಒಬ್ಬರು ಹೊಗೆಯಲ್ಲಿ ಕಣ್ಣೊರಸಿಕೊಂಡು ಅವನ್ನು ಮಾಡಿಕೊಡುತ್ತಾರೆ. ಈಗ ಭಾನುವಾರ ಬೆಳಗ್ಗೆ ಕಾವಲಿಯ ಮುಂದೆ ನಾವು ನಿಲ್ಲುತ್ತೇವೆ. ನಮ್ಮ ರೊಟ್ಟಿ ಇನ್ನೂ ದುಂಡಗಾಗಿಲ್ಲ, ಉಬ್ಬುವುದೂ ಅಪರೂಪ. ಆದರೂ ಮೊದಲನೆಯದನ್ನು ಆಕೆಯ ತಟ್ಟೆಗೆ ಬಿಸಿಯಾಗಿ ಹಾಕುವಾಗ ಆಗುವ ಸಂತೋಷವು ತಿನ್ನುವ ಸಂತೋಷಕ್ಕಿಂತ ಕಡಮೆಯದಲ್ಲ. ವಾಚಕಮಹಾಶಯರು ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ನಮ್ಮ ವಿಜ್ಞಾಪನೆ.